ಗಿರಿಜಳ ಹಿಟ್ಟು ಮತ್ತು ಆಕಾಶಕ್ಕೆ ಹೋದ ಯೀಸ್ಟು

ಕಳೆದ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಮನೆ ಬಾಗಿಲಿಗೆ ಒಂದು ಖಾಲಿ ಸ್ಟೀಲ್ ಡಬ್ಬಿ ಬಂತು. ಅದನ್ನು ಹಿಡಿದುಕೊಂಡು ನಿಂತಿದ್ದವಳು ಸುಮಾ. ನನ್ನ ಗೆಳತಿ ಗಿರಿಜಳ ಒಬ್ಬಳೇ ಮಗಳು.

ಗಿರಿಜಾ ತೀರಿಕೊಂಡು ಅವತ್ತಿಗೆ ಹದಿನೈದು ದಿನ.

"ಚಿಕ್ಕಮ್ಮ, ಒಂದು ಉಂಡೆ ಹಿಟ್ಟು ಕೊಡಿ. ನಿಮ್ಮನೇಲಿ ಒಂದಿದೆ ಅಂತ ಅಮ್ಮ ಯಾವಾಗ್ಲೂ ಹೇಳೋರು" ಎಂದಳು.

ಒಳಗೆ ಬಾ ಅಂದೆ. ಕೂರು ಅಂದೆ. ಕಾಫಿ ಇಡುತ್ತೇನೆ ಅಂದೆ. ಅಡುಗೆಮನೆಗೆ ಹೋಗಿ ಫ್ರಿಜ್ ಬಾಗಿಲು ತೆಗೆದು ಅದರ ಮುಂದೆ ನಿಂತೆ. ನಿನ್ನೆಯ ಸಾರು, ಅರ್ಧ ಕಟ್ಟು ಕೊತ್ತಂಬರಿ, ಮೊಸರು. ಅವಳು ಕೇಳಿದ ಹಿಟ್ಟು ಅಲ್ಲಿ ಇಲ್ಲವೆಂದು ನನಗೆ ಗೊತ್ತಿತ್ತು. ಆರು ವರ್ಷದಿಂದ ಗೊತ್ತಿತ್ತು. ಆದರೂ ನಿಂತೆ. (ಫ್ರಿಜ್ ಮುಂದೆ ನಿಂತು ಇಲ್ಲದ್ದನ್ನು ಹುಡುಕುವ ನಾಟಕ ಎಷ್ಟು ಹೊತ್ತು ಆಡಬಹುದು? ಮೂರು ನಿಮಿಷ. ನಾನು ಆಡಿ ನೋಡಿದ್ದೇನೆ.)

ಈ ಅಂಕಣವನ್ನು ವಾರವಾರ ಓದುವವರಿಗೆ ಗಿರಿಜಾ ಗೊತ್ತು. ನಾನು ಆಗಾಗ 'ಗೋಣಿಬೀಡಿನ ಗೆಳತಿ' ಎಂದು ಬರೆಯುತ್ತಿದ್ದೆನಲ್ಲ, ಅವಳೇ. ಹೆಸರು ಹಾಕಬೇಡ ಮಾರಾಯ್ತಿ, ಬಸ್ಸಿಗೆ ಕಾಯುವವರೆಲ್ಲ ಬಂದು ನನ್ನ ಮುಖ ನೋಡುತ್ತಾರೆ ಎಂದು ಬೈದಿದ್ದಳು. ಈಗ ಹಾಕುತ್ತಿದ್ದೇನೆ. ಬಂದು ಬೈಯಲಿ.

ಚಿಕ್ಕಮಗಳೂರಿನಲ್ಲಿ ನಾವಿಬ್ಬರೂ ಒಂದೇ ಬೀದಿಯವರು, ಒಂದೇ ಬೆಂಚಿನವರು. ಮದುವೆಯಾಗಿ ನಾನು ಊರಿನಲ್ಲೇ ಉಳಿದೆ. ಅವಳು ಗೋಣಿಬೀಡಿನ ಒಂದು ಪುಟ್ಟ ಬೇಕರಿಗೆ ಸೊಸೆಯಾಗಿ ಹೋದಳು. ಬಸ್ ಸ್ಟಾಪಿನ ಪಕ್ಕ ಅಂಗಡಿ, ಹಿಂದೆ ಸೌದೆಯ ಭಟ್ಟಿ, ಅದರ ಹಿಂದೆ ಮನೆ. ಬನ್ನು, ಬ್ರೆಡ್ಡು, ರಸ್ಕು, ಇಷ್ಟೇ. ಗಂಡ ಮಲ್ಲೇಶಣ್ಣ ಭಟ್ಟಿ ನೋಡಿಕೊಳ್ಳುತ್ತಿದ್ದ. ಹಿಟ್ಟು ಇವಳದು. ಕೊಯ್ಲಿನ ಕಾಲದಲ್ಲಿ ಸುತ್ತಲಿನ ಕಾಫಿ ಎಸ್ಟೇಟುಗಳ ಲೆಕ್ಕ ಬರೆಯುವ ರೈಟರುಗಳು ಆಳುಗಳ ಚಹಾಕ್ಕೆಂದು ಬುಟ್ಟಿಗಟ್ಟಲೆ ಬನ್ನು ಹೇಳಿ ಹೋಗುತ್ತಿದ್ದರು. ಜೀಪಿನಲ್ಲಿ ಹೊರಟ ಬನ್ನಿನ ವಾಸನೆಗೆ ಬಸ್ಸಿನಲ್ಲಿ ಕೂತವರೂ ಇಳಿದು ಬರುತ್ತಿದ್ದರು.

ಆ ಬನ್ನಿಗೆ ಪ್ಯಾಕೆಟ್ ಯೀಸ್ಟ್ ಇಲ್ಲ. ಒಂದು ಹಳೆಯ ಪಿಂಗಾಣಿ ಭರಣಿಯಲ್ಲಿ ಹುಳಿ ಬಂದ ಹಿಟ್ಟು. ದಿನಾ ಅದರಿಂದ ಒಂದು ಪಾಲು ತೆಗೆದು ಹೊಸ ಹಿಟ್ಟಿಗೆ ಕಲಸುವುದು, ತೆಗೆದಷ್ಟೇ ಮೈದಾ ನೀರು ಭರಣಿಗೆ ಹಾಕುವುದು. ಮೊಸರಿಗೆ ಹೆಪ್ಪು ಇದ್ದ ಹಾಗೆ ಬನ್ನಿಗೆ ಅದು. ಗಿರಿಜಳ ಅತ್ತೆಯ ಕಾಲದಿಂದ ಒಂದು ದಿನವೂ ತಪ್ಪದೆ ನಡೆದುಬಂದದ್ದು.

ಅತ್ತೆ ಅದನ್ನು ಶುರು ಮಾಡಿದ್ದು ಹೇಗೆ ಎಂಬುದು ಗುಟ್ಟು. ಆಗ ಗೋಣಿಬೀಡಿನಲ್ಲಿ ಯೀಸ್ಟ್ ಎಂಬ ಹೆಸರೇ ಇರಲಿಲ್ಲ. ಅತ್ತೆ ಯಾರಿಗೂ ಕಾಣದಂತೆ ಒಂದು ಲೋಟ ಬೈನೆ ಮರದ ಕಳ್ಳು ತರಿಸಿ ಹಿಟ್ಟಿಗೆ ಬೆರೆಸಿದ್ದರು. ಲಿಂಗ ಕಟ್ಟಿದ ಮನೆ, ದಿನಾ ಪೂಜೆ ಮಾಡುವ ಮಾವ. ಆ ಬನ್ನನ್ನೇ ತಿಂದು, ದೇವರಿಗೂ ಇಟ್ಟು, ಮಾವ ತೊಂಬತ್ತು ದಾಟಿ ನೆಮ್ಮದಿಯಾಗಿ ಹೋದರು. ಗಿರಿಜಾ ಈ ಸಂಗತಿಯನ್ನು ಆಣೆ ಹಾಕಿಸಿಕೊಂಡು ನನಗೊಬ್ಬಳಿಗೇ ಹೇಳಿದ್ದಳು. (ಈಗ ಇಡೀ ಜಿಲ್ಲೆಗೆ ಹೇಳಿದೆ. ನನ್ನ ಆಣೆಗಳ ಯೋಗ್ಯತೆ ಇಷ್ಟು. ಮುಂದೆ ಓದಿ, ಇನ್ನೂ ಇದೆ.)

ಆರು ವರ್ಷದ ಹಿಂದೆ ಅವಳು ನನಗೆ ಒಂದು ಉಂಡೆ ಹಿಟ್ಟು ಕೊಟ್ಟಳು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಬಸ್ಸು ಹತ್ತಿಸುವಾಗ ಮಡಿಲಲ್ಲಿಟ್ಟಳು. ಇಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ನಿನ್ನ ಹತ್ತಿರ ಒಂದು ಇರಲಿ ಕಣೇ, ಫ್ರಿಜ್ಜಿನಲ್ಲಿಟ್ಟು ವಾರಕ್ಕೊಮ್ಮೆ ಒಂದು ಹಿಡಿ ಮೈದಾ ಹಾಕು ಸಾಕು ಎಂದಳು. ನಾನು ಎರಡು ವಾರ ಹಾಕಿದೆ. ಮೂರನೆಯ ವಾರ ನೆಂಟರು ಬಂದರು. ಆಮೇಲೆ ಜ್ವರ ಬಂತು. ಆಮೇಲೆ ಮರೆತೇಹೋಯಿತು. ಒಂದು ದಿನ ಡಬ್ಬಿ ತೆಗೆದರೆ ಹಿಟ್ಟಿನ ಮೇಲೆ ನೀಲಿ ಬೂಸ್ಟು, ಅದರ ಮೇಲೆ ಕರಿ ಬೂಸ್ಟು. ಮೂಗು ಮುಚ್ಚಿಕೊಂಡು ಎಸೆದೆ.

ಎಸೆದದ್ದು ತಪ್ಪಲ್ಲ. ಹೇಳದೆ ಇದ್ದದ್ದು ತಪ್ಪು.

ಪ್ರತಿ ಭಾನುವಾರ ನಮ್ಮಿಬ್ಬರ ಫೋನು. ಊರ ಸುದ್ದಿ, ಮಂಡಿ ನೋವು, ಯಾರ ಮನೆಯ ಮದುವೆ, ಎಲ್ಲ ಮುಗಿದು ಇಡುವ ಮುಂಚೆ ಅವಳು ಕೇಳುತ್ತಿದ್ದುದು ಒಂದೇ ಮಾತು. "ಹಿಟ್ಟು ಹೇಗಿದೆಯೇ?" ಮೊದಲ ಸಲ ಬೈಗುಳಕ್ಕೆ ಹೆದರಿ "ಚೆನ್ನಾಗಿದೆ ಮಾರಾಯ್ತಿ" ಎಂದುಬಿಟ್ಟೆ. ಒಂದು ಸಲ ಅಂದ ಮೇಲೆ ಎರಡನೆಯ ಸಲ ಕಷ್ಟವಿಲ್ಲ. ಆರು ವರ್ಷದಲ್ಲಿ ಎಷ್ಟು ಭಾನುವಾರ ಬರುತ್ತದೋ ಅಷ್ಟು ಸಲ ಅಂದಿದ್ದೇನೆ. ಅವಳು "ಹಂಗಾರೆ ನಂಗೆ ಭಯ ಇಲ್ಲ ಬಿಡು" ಎಂದು ಫೋನ್ ಇಡುತ್ತಿದ್ದಳು.

ಈಗ ಆಕಾಶದ ವಿಷಯಕ್ಕೆ ಬರುತ್ತೇನೆ. ಬನ್ನಿನ ಕತೆಯಲ್ಲಿ ಆಕಾಶ ಎಲ್ಲಿಂದ ಬಂತು ಅಂತೀರಾ? ಸುಮಾ ತಂದದ್ದು.

ಸುಮಾ ಮೂಡಿಗೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನಮ್ಮ ದೇಶದವರೊಬ್ಬರು ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದ ಸುದ್ದಿ ಟಿವಿಯಲ್ಲಿ ಬಂದಾಗ ಅವಳ ತರಗತಿಯಲ್ಲಿ ಪ್ರಶ್ನೆಗಳ ಸುರಿಮಳೆಯಾಯಿತಂತೆ. ಅಲ್ಲಿ ಏನೇನು ಪ್ರಯೋಗ ಮಾಡುತ್ತಾರೆ ಎಂದು ಹೇಳುತ್ತಾ ಇವಳು ಯೀಸ್ಟಿನ ಹೆಸರು ಎತ್ತಿದಳು. ಯೀಸ್ಟನ್ನು ವಿಜ್ಞಾನಿಗಳು ಎಷ್ಟೋ ಸಲ ಆಕಾಶಕ್ಕೆ ಕಳಿಸಿ ನೋಡಿದ್ದಾರಂತೆ. ಯಾಕೆ ಅದನ್ನೇ? ಅದರ ಒಳಗಿನ ವ್ಯವಹಾರ ನಮ್ಮ ಮೈಯ ಜೀವಕೋಶದ್ದಕ್ಕೆ ತುಂಬ ಹತ್ತಿರ. ಮನುಷ್ಯನಿಗೆ ಅಲ್ಲಿ ಏನಾಗುತ್ತದೆ ಎಂಬುದರ ಸುಳಿವು ಇದರಲ್ಲಿ ಸಿಗಬಹುದು ಎಂದು.

ಮಕ್ಕಳು ನಾವೂ ಮಾಡೋಣ ಅಂದರು. ರಾಕೆಟ್ ಇಲ್ಲ, ಆದರೆ ಗಣಪತಿ ಪೆಂಡಾಲಿನಲ್ಲಿ ದೇವರ ಹಿಂದೆ ನಿಧಾನಕ್ಕೆ ಚಕ್ರ ತಿರುಗಿಸುವ ಮೋಟರ್ ಇತ್ತು. ಅದಕ್ಕೆ ಒಂದು ಬಾಟಲಿಯನ್ನು ಅಡ್ಡಲಾಗಿ ಕಟ್ಟಿದರು. ಇನ್ನೊಂದು ಬಾಟಲಿಯನ್ನು ಪಕ್ಕದಲ್ಲಿ ಸುಮ್ಮನೆ ನಿಲ್ಲಿಸಿದರು. ಎರಡಕ್ಕೂ ಸಕ್ಕರೆ ನೀರು, ಎರಡಕ್ಕೂ ಗಿರಿಜಳ ಭರಣಿಯಿಂದ ಒಂದೊಂದು ಚಮಚ ಹಿಟ್ಟು.

ಹಿಟ್ಟು ಕೊಡಲು ಗಿರಿಜಾ ಹಿಂದೆಮುಂದೆ ನೋಡಿದ್ದಳು. ಅವತ್ತು ನಾನೂ ಬೇಕರಿಯ ಬೆಂಚಿನಲ್ಲಿ ಕೂತಿದ್ದೆ. "ಹಿಂಗೆ ತಿರುಗಿಸ್ತಾ ಇದ್ರೆ ಅದಕ್ಕೆ ತಲೆ ಸುತ್ತಲ್ವೇನೇ?" ಎಂದಳು. ಸುಮಾ ನಕ್ಕು ನಮ್ಮಿಬ್ಬರಿಗೂ ಪಾಠ ಮಾಡಿದಳು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ತೊಟ್ಟಿಯಲ್ಲಿ ಬೀಜದ ಲೋಳೆ ಬಿಡಿಸುವುದೂ ಇಂಥದೇ ಕಣ್ಣಿಗೆ ಕಾಣದ ಜೀವಿಗಳು ಎಂದಳು. ಹೌದಲ್ಲ, ಭರಣಿಗೂ ಆ ತೊಟ್ಟಿಗೂ ಒಂದೇ ಹುಳಿ ವಾಸನೆ! ಭೂಮಿಯ ಮೇಲೆ ಯೀಸ್ಟ್ ನಿಧಾನಕ್ಕೆ ತಳಕ್ಕೆ ಇಳಿಯುತ್ತದೆ. ಆಕಾಶದಲ್ಲಿ ತಳ ಎಂಬುದೇ ಇಲ್ಲ. ಇಳಿಯಲು ಜಾಗವಿಲ್ಲದೆ ತೇಲುತ್ತಲೇ ಇರುತ್ತದೆ. ನಮ್ಮ ಮೋಟರು ಭಾರ ತೆಗೆಯುವುದಿಲ್ಲ, ಕೆಳಗೆ ಯಾವುದು ಎಂಬುದನ್ನು ಯೀಸ್ಟಿಗೆ ಮರೆಸುತ್ತದೆ ಅಷ್ಟೇ, ಇದು ಮಕ್ಕಳಾಟ ಎಂದೂ ಹೇಳಿದಳು.

ಯೀಸ್ಟಿನಲ್ಲಿ ತಾಯಿಯ ಪಕ್ಕೆಯಲ್ಲಿ ಒಂದು ಮೊಗ್ಗು ಮೂಡುತ್ತದಂತೆ. ಬೆಳೆದು ಕಳಚಿಕೊಂಡು ಬೇರೆಯಾಗುತ್ತದೆ. ಅದನ್ನು ಮಗಳು ಎಂದೇ ಕರೆಯುತ್ತಾರೆ, ಮಗ ಎನ್ನುವುದಿಲ್ಲ. ಮಗಳು ಕಳಚಿಕೊಂಡ ಜಾಗದಲ್ಲಿ ತಾಯಿಯ ಮೈಮೇಲೆ ಒಂದು ಉಂಗುರದಂಥ ಕಲೆ ಉಳಿಯುತ್ತದೆ. ಎಷ್ಟು ಮಕ್ಕಳೋ ಅಷ್ಟು ಕಲೆ. ಮಗಳ ಮೈಮೇಲೂ ಒಂದು ಉಳಿಯುತ್ತದೆ, ಹುಟ್ಟಿನ ಕಲೆ. ಭೂಮಿಯ ಮೇಲೆ ಮೊಗ್ಗು ಎಲ್ಲಿ ಮೂಡಬೇಕು ಎಂಬುದಕ್ಕೆ ಒಂದು ಕ್ರಮವಿದೆ. ಭಾರವಿಲ್ಲದ ಕಡೆ ಆ ಕ್ರಮ ತಪ್ಪುತ್ತದೆ, ಎಲ್ಲೆಂದರಲ್ಲಿ ಮೂಡುತ್ತವೆ. ಎಷ್ಟೋ ಮಕ್ಕಳು ತಾಯಿಯನ್ನು ಬಿಡುವುದೇ ಇಲ್ಲ. ಗೊಂಚಲಾಗಿ ಅಂಟಿಕೊಂಡಿರುತ್ತವೆ.

ಗಿರಿಜಾ ಕೈಗೆ ಮೆತ್ತಿದ್ದ ಹಿಟ್ಟು ಉಜ್ಜುತ್ತಾ ಎಲ್ಲ ಕೇಳಿಸಿಕೊಂಡಳು. "ಹಂಗಾರೆ ಮೇಲೇ ವಾಸಿ" ಎಂದಳು. ಸುಮಾಳ ಮದುವೆ ಮಾತು ನಡೆಯುತ್ತಿದ್ದ ಕಾಲ ಅದು. ಮೂವರೂ ನಕ್ಕೆವು.

ಮಕ್ಕಳ ಪ್ರಯೋಗ ಮುಗಿಯಿತು. ವಿಜ್ಞಾನ ಮೇಳಕ್ಕೆ ಅಮ್ಮನನ್ನು ಕರೆದೊಯ್ದು ತೋರಿಸುತ್ತೇನೆ ಎಂದು ಸುಮಾ ಹೇಳಿದ್ದಳು. ಅವತ್ತು ನಾಲ್ಕು ಎಸ್ಟೇಟಿನ ಬನ್ನಿನ ಆರ್ಡರ್ ಇತ್ತು. ಹೋಗಲಾಗಲಿಲ್ಲ. ಕೊಯ್ಲು ಮುಗಿದ ಮೇಲೆ ಶಾಲೆಗೇ ಬಂದು ನೋಡ್ತೀನಿ ಎಂದಿದ್ದಳು. ಕೊಯ್ಲು ಮುಗಿಯುವ ಮೊದಲೇ ಒಂದು ಬೆಳಿಗ್ಗೆ, ಭಟ್ಟಿಯ ಮುಂದೆ, ಬನ್ನಿನ ತಟ್ಟೆ ಕೈಯಲ್ಲಿದ್ದಂತೆಯೇ ಕುಸಿದಳು. ಆಸ್ಪತ್ರೆಯ ದಾರಿಯಲ್ಲೇ ಮುಗಿಯಿತು.

ನಾನು ಹನ್ನೊಂದರ ಹೊತ್ತಿಗೆ ತಲುಪಿದೆ. ಅಳುವುದರಲ್ಲಿ ನಾನು ಸ್ವಲ್ಪ ನಿಧಾನ. ಕೆಲಸದಲ್ಲಿ ಬೇಗ. ಅಡುಗೆಮನೆ ನನ್ನ ಕೈಗೆ ಬಂತು.

ನಮ್ಮಲ್ಲಿ ಸೂತಕವಿಲ್ಲ ಎಂದು ನಾವು ಹೇಳಿಕೊಳ್ಳುತ್ತೇವೆ. ಲಿಂಗ ಕಟ್ಟಿದವರಿಗೆ ಮೈಲಿಗೆ ಎಲ್ಲಿಂದ ಬರಬೇಕು? (ನಾನೇ ಈ ಜಾಗದಲ್ಲಿ ಅದರ ಬಗ್ಗೆ ಜೋರಾಗಿ ಬರೆದಿದ್ದೆ. ಒಂದಿಬ್ಬರು ಮೆಚ್ಚಿ ಪತ್ರವನ್ನೂ ಹಾಕಿದ್ದರು.) ಆದರೆ ಗಿರಿಜಾ ಬಾಗಿಲು ದಾಟಿದ್ದೇ ತಡ, ನಾನು ಸೆರಗು ಸಿಕ್ಕಿಸಿ ಎಲ್ಲರ ಮನೆಯಲ್ಲೂ ಮಾಡುವುದನ್ನೇ ಮಾಡಿದೆ. ಮಾಡಿದ ಅಡುಗೆ ಚೆಲ್ಲಿದೆ. ಹಂಡೆಯ ನೀರು ಚೆಲ್ಲಿದೆ. ಹಾಲು, ಮೊಸರು ಚೆಲ್ಲಿದೆ. ಒಲೆಯ ಪಕ್ಕದ ಮೂಲೆಯಲ್ಲಿ ಬಟ್ಟೆ ಸುತ್ತಿದ ಒಂದು ಭರಣಿ ಇತ್ತು. ಮುಚ್ಚಳ ತೆಗೆದರೆ ಹುಳಿ ವಾಸನೆ, ಮೇಲೆಲ್ಲ ಗುಳ್ಳೆ. ಹಳಸಿದ ದೋಸೆ ಹಿಟ್ಟು ಅಂದುಕೊಂಡೆ. ಹಿತ್ತಲಿನ ಚರಂಡಿಗೆ ಸುರಿದು, ಕುದಿಯುವ ನೀರು ಹಾಕಿ, ಉಜ್ಜಿ ಉಜ್ಜಿ ತೊಳೆದು, ಬಿಸಿಲಿಗೆ ಬೋರಲು ಇಟ್ಟೆ. ಹೊಳೆಯುತ್ತಿತ್ತು. ಗೆಳತಿಗೆ ಕೊನೆಯದಾಗಿ ಒಂದು ಕೆಲಸ ಅಚ್ಚುಕಟ್ಟಾಗಿ ಮಾಡಿಕೊಟ್ಟೆ ಎಂಬ ಸಮಾಧಾನವೂ ಆಯಿತು.

ಬೇಕರಿಯ ಹಿಟ್ಟು ಬೇಕರಿಯಲ್ಲಿರುತ್ತದೆ ಎಂದು ನಾನು ತಿಳಿದಿದ್ದೆ. ಈ ಸಲ ಇಬ್ಬನಿ, ಚಳಿ ಜಾಸ್ತಿಯಾಗಿ ಹಿಟ್ಟು ಉಬ್ಬುತ್ತಿಲ್ಲ ಎಂದು ಅವಳು ಅದನ್ನು ಮನೆಗೆ ತಂದು ಒಲೆಯ ಪಕ್ಕ ಬೆಚ್ಚಗೆ ಇಟ್ಟಿದ್ದಳಂತೆ. ಬಟ್ಟೆ ಹೊದಿಸಿದ್ದಳು. ಬಾಣಂತಿಗೆ ಹೊದಿಸಿದ ಹಾಗೆ ಬಟ್ಟೆ ಹೊದಿಸಿದ್ದು ದೋಸೆ ಹಿಟ್ಟಿಗೆ ಯಾಕೆ ಎಂದು ಒಂದು ಕ್ಷಣ ನಿಂತು ಯೋಚಿಸಿದ್ದರೆ?

ಹನ್ನೊಂದನೆಯ ದಿನ ಮಲ್ಲೇಶಣ್ಣ ಭರಣಿ ಎಲ್ಲಿ ಎಂದು ಕೇಳಿದಾಗಲೇ ನನಗೆ ಅರ್ಥವಾದದ್ದು. ಯಾರೋ ತೊಳೆದಿಟ್ಟಿದ್ದಾರೆ ಎಂದು ಯಾರೋ ಅಂದರು. ಆ ಯಾರೋ ನಾನು ಎಂದು ನಾನು ಹೇಳಲಿಲ್ಲ. ಅವಳ ಹಿಟ್ಟು ಇಲ್ಲದೆ ಭಟ್ಟಿ ಹಚ್ಚುವುದಿಲ್ಲ ಎಂದು ಮಲ್ಲೇಶಣ್ಣ ಕೂತುಬಿಟ್ಟ. ಆಗ ಸುಮಾ ಅಪ್ಪನಿಗೆ ಹೇಳಿದಳಂತೆ, ಚಿಕ್ಕಮ್ಮನ ಮನೆಯಲ್ಲಿ ಒಂದು ಇದೆಯಲ್ಲ ಎಂದು.

ಹಾಗಾಗಿ ಡಬ್ಬಿ.

ಫ್ರಿಜ್ ಮುಂದೆ ನಿಂತಾಗ ಒಂದು ಹಾಳು ಯೋಚನೆ ಬಂತು. ಮನೆಯಲ್ಲಿ ಮೈದಾ ಇತ್ತು. ಪಿಜ್ಜಾ ಹುಚ್ಚಿಗೆ ತಂದಿದ್ದ ಯೀಸ್ಟ್ ಪ್ಯಾಕೆಟ್ ಇತ್ತು. ಬಿಸಿನೀರಿಗೆ ಹಾಕಿ ಕಲಸಿದರೆ ಹತ್ತು ನಿಮಿಷಕ್ಕೆ ಗುಳ್ಳೆ ಏಳುತ್ತದೆ. ಸ್ವಲ್ಪ ಹುಳಿ ಮಜ್ಜಿಗೆ ಬೆರೆಸಿದರೆ ವಾಸನೆಯೂ ಬರುತ್ತದೆ. ಕೊಟ್ಟರೆ ಭಟ್ಟಿ ಹೊತ್ತುತ್ತದೆ, ಬನ್ನು ಉಬ್ಬುತ್ತದೆ, ಮಗಳಿಗೆ ಸಮಾಧಾನ, ನನಗೆ ಮಾನ. ಯಾರಿಗೆ ನಷ್ಟ? ಪ್ಯಾಕೆಟ್ಟಿನ ತುದಿ ಹರಿದೂಬಿಟ್ಟಿದ್ದೆ. ಸತ್ತವಳಿಗೂ "ಚೆನ್ನಾಗಿದೆ ಮಾರಾಯ್ತಿ" ಎಂದ ಹಾಗಾಗುತ್ತದೆ ಅನ್ನಿಸಿ ಕೈ ನಿಂತಿತು.

ಹೊರಗೆ ಬಂದು ಅವಳ ಎದುರು ಕೂತೆ. ಎಲ್ಲ ಹೇಳಿದೆ. ಬೂಸ್ಟು ಬಂದದ್ದು, ಎಸೆದದ್ದು, ಆರು ವರ್ಷದ ಸುಳ್ಳು. ಕೊನೆಗೆ ಭರಣಿಯನ್ನೂ.

ಸುಮಾ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದಳು.

"ಭರಣಿ ನೀವೇ ತೊಳೆದಿದ್ದು ಅಂತ ನಂಗೆ ಅವತ್ತೇ ಗೊತ್ತು ಚಿಕ್ಕಮ್ಮ. ಅಷ್ಟು ಚೆನ್ನಾಗಿ ತೊಳೆಯೋರು ಬೇರೆ ಯಾರೂ ಇರ್ಲಿಲ್ಲ ಅಲ್ಲಿ. ನಿಮ್ಮನೇಲಿ ಇನ್ನೊಂದು ಇದೆಯಲ್ಲ, ಅದಕ್ಕೇ ನಾನು ಏನೂ ಅನ್ಲಿಲ್ಲ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಶಾಲೆಯ ಬಾಟಲಿಗಳು ಏನಾದವು ಎಂದು ಕೇಳಿದೆ. ಮುಳುಗುವವಳ ಆಸೆ. ಪ್ರಯೋಗ ಮುಗಿದ ದಿನವೇ ತಾನೇ ತೊಳೆದಿಟ್ಟೆ ಎಂದಳು. ಬೇಕಾದರೆ ಅಮ್ಮ ಮತ್ತೆ ಕೊಡುತ್ತಾಳೆ ಅಂದುಕೊಂಡಿದ್ದೆ ಎಂದಳು. ಅಲ್ಲಿಯವರೆಗೂ ಗಟ್ಟಿಯಾಗಿದ್ದವಳು ಆ ಮಾತು ಹೇಳುವಾಗ ಅತ್ತಳು.

ನೋಡಿ, ನಾವು ಹೀಗೆ. ಗಿರಿಜಾ ನನ್ನ ಹತ್ತಿರ ಇದೆ ಎಂದು ನೆಮ್ಮದಿಯಾಗಿದ್ದಳು. ನಾನು ಅವಳ ಹತ್ತಿರ ಇದೆಯಲ್ಲ ಎಂದು ಸುಳ್ಳು ಹೇಳಿದೆ. ಸುಮಾ ಅಮ್ಮ ಇದ್ದಾಳಲ್ಲ ಎಂದು ಬಾಟಲಿ ತೊಳೆದಳು. ಸೋಬಾನೆ ಹಾಡು ಅತ್ತಿಗೆಗೆ ಬರುತ್ತದೆ, ಗಾಯಕ್ಕೆ ಹಾಕುವ ಸೊಪ್ಪು ಯಾವುದೆಂದು ಮೇಸ್ತ್ರಿಯ ಹೆಂಡತಿಗೆ ಗೊತ್ತು, ತಾತನ ಹೆಸರಿನ ಹಿಂದಿನ ಕತೆ ದೊಡ್ಡಪ್ಪನಿಗೆ ಗೊತ್ತು. ನಾವು ಯಾಕೆ ಕಲಿಯಬೇಕು? ಇದ್ದಾರಲ್ಲ! ಎಲ್ಲರೂ ಇನ್ನೊಬ್ಬರ ಮನೆಯ ಫ್ರಿಜ್ಜನ್ನು ನಂಬಿ ಬದುಕುತ್ತಿದ್ದೇವೆ.

ಹೊರಟಾಗ ಖಾಲಿ ಡಬ್ಬಿ ಕಳಿಸಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿಕೊಟ್ಟೆ. ಸುಮಾ ಮುಚ್ಚಳ ತೆಗೆದು ನೋಡಿ, ಯೀಸ್ಟಿಗೆ ಇದೇ ಊಟ ಎಂದಳು. ಆಮೇಲೆ, ಒಂದು ಸ್ಲೈಡ್ ಮಾತ್ರ ಉಳಿದಿದೆ, ಬುಧವಾರ ಬನ್ನಿ ಎಂದಳು.

ಬುಧವಾರ ಹೋದೆ. ಪ್ರಯೋಗಾಲಯ ಎಂದರೆ ಒಂದು ಬೀರು, ಎರಡು ಮೇಜು, ಒಂದು ಮೈಕ್ರೋಸ್ಕೋಪು. ತಿರುಗುತ್ತಿದ್ದ ಬಾಟಲಿಯಿಂದ ತೆಗೆದ ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ದೀಪದ ಉರಿಯ ಮೇಲೆ ಆಡಿಸಿ, ನೀಲಿ ಬಣ್ಣ ಹಾಕಿ ಇಟ್ಟಿದ್ದಳು. ಜೀವ ಹೋಗುತ್ತದೆ, ಆಕಾರ ಉಳಿಯುತ್ತದೆ. ಗಾಜಿನ ಅಂಚಿಗೆ ಒಂದು ಚೀಟಿ, ಅವಳ ದುಂಡಕ್ಷರದಲ್ಲಿ: 'ಅಮ್ಮನ ಹಿಟ್ಟು'.

ಕನ್ನಡಕ ತೆಗೆದು ಕಣ್ಣಿಟ್ಟೆ. ಮೊದಲು ಬರೀ ನನ್ನ ರೆಪ್ಪೆ. ಆಮೇಲೆ ನೀಲಿ. ಅದರ ನಡುವೆ ಒಂದು ದೊಡ್ಡ ಗುಂಡು, ಪಕ್ಕಕ್ಕೆ ಅಂಟಿಕೊಂಡು ಒಂದು ಚಿಕ್ಕದು. ಇನ್ನೊಂದು ಬದಿಗೆ ಮತ್ತೊಂದು. ಗೊಂಚಲು ಗೊಂಚಲು. ಬಿಟ್ಟು ಹೋಗದ ಮಕ್ಕಳು. ಅಂಟಿಕೊಂಡಂತೆಯೇ ಒಣಗಿದ್ದವು.

ಕಲೆ ಯಾವುದು ಎಂದು ಕೇಳಿದೆ.

"ಕಲೆ ಈ ಮೈಕ್ರೋಸ್ಕೋಪಲ್ಲಿ ಕಾಣಲ್ಲ ಚಿಕ್ಕಮ್ಮ. ಅದಕ್ಕೆ ದೊಡ್ಡ ಯಂತ್ರ ಬೇಕು" ಎಂದಳು. ಆಮೇಲೆ, "ಆದ್ರೆ ಇದೆ" ಎಂದಳು.

ನಾನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದೆ. ತಲೆ ಎತ್ತಿದರೆ ಮುಖ ಕಾಣುತ್ತದಲ್ಲ.

ಬರುವಾಗ ಗೋಣಿಬೀಡಿನಲ್ಲಿ ಇಳಿದೆ. ಮಲ್ಲೇಶಣ್ಣನಿಗೂ ನಾನೇ ಹೇಳಬೇಕಿತ್ತು, ಹೇಳಿದೆ. ಆಗಿದ್ದಾಯ್ತು ಬಿಡಮ್ಮ, ಬೇಕೂಂತ ಮಾಡಿದ್ದಲ್ಲವಲ್ಲ ಎಂದ. ಮಾರನೆಯ ದಿನ ಪ್ಯಾಕೆಟ್ ಯೀಸ್ಟ್ ತರಿಸಿ ಭಟ್ಟಿ ಹಚ್ಚಿದನಂತೆ. ಸುಮಾ ನನಗೂ ಎರಡು ಬನ್ನು ಕಳಿಸಿದ್ದಳು. ಬೇಗ ಉಬ್ಬುತ್ತದಂತೆ, ಮೊದಲಿಗಿಂತ ದೊಡ್ಡದಾಗಿದೆ. ಬಸ್ಸಿನವರು ಕೊಂಡು ತಿಂದರು, ಯಾರೂ ಏನೂ ಹೇಳಲಿಲ್ಲವಂತೆ. ನಾನೂ ತಿಂದೆ. ಚೆನ್ನಾಗಿಯೇ ಇತ್ತು. ಅದು ಚೆನ್ನಾಗಿದ್ದದ್ದೇ ನನಗೆ ತಡೆಯಲಾಗಲಿಲ್ಲ.

ಇವತ್ತು ಮತ್ತೆ ಭಾನುವಾರ. ಗಿರಿಜಳ ನಂಬರು ಇನ್ನೂ ಫೋನಿನಲ್ಲಿದೆ, ಅಳಿಸಲು ಮನಸ್ಸಾಗಿಲ್ಲ. ಹತ್ತು ಗಂಟೆಗೆ ಅಭ್ಯಾಸದಂತೆ ಕೈಗೆತ್ತಿಕೊಂಡು ಅವಳ ಹೆಸರು ನೋಡುತ್ತಾ ಕೂತೆ. ಊರ ಸುದ್ದಿ ಇದೆ, ಮಂಡಿ ನೋವಿದೆ, ಸುಮಾಳನ್ನು ಗಂಡಿನ ಕಡೆಯವರು ನೋಡಿಹೋಗಿದ್ದಾರೆ. ಎಲ್ಲ ಮುಗಿದ ಮೇಲೆ ಅವಳು ಕೇಳುವ ಆ ಒಂದು ಪ್ರಶ್ನೆಗೆ ಮಾತ್ರ ಉತ್ತರ ಇಲ್ಲಿ ಬರೆದಿಡುತ್ತೇನೆ.

ಹಿಟ್ಟು ಇಲ್ಲ ಮಾರಾಯ್ತಿ. ಆರು ವರ್ಷದಿಂದಲೂ ಇರಲಿಲ್ಲ.